ಚಪ್ಪಲಿ ಬಿಟ್ಟು ಹಿಡಿದ ಗುರಿ

ಆನೆಗೊಂದಿಯಲ್ಲಿ ನಮ್ಮ ಪಕ್ಕದ ತೋಟದವರು ಏನು ಕೇಳಿದರೂ 'ನೋಡೂಣ ತಗೋರಿ' ಎಂದು ಹೆಗಲ ಟವೆಲ್ಲು ಕೊಡವುತ್ತಿದ್ದರು. ಮಂಗಗಳು ಬಾಳೆಗೊನೆ ಉಳಿಸದಾದಾಗ, ಗಾಳಿ ಬಂದೂಕು ಆರಿಸಲು ನನ್ನನ್ನೂ ಕರೆದುಕೊಂಡು ಕೊಪ್ಪಳಕ್ಕೆ ಹೋದರು.

'ಒಮ್ಮೆ ಗಾಳಿ ತುಂಬಿದ್ರ ಹತ್ತು ಗುಂಡು ಸಾಲಾಗಿ ಹೊಡೀಬಹುದ್ರಿ,' ಎಂದು ಅಂಗಡಿಯವನು ಗಾಳಿ ತುಂಬಿದ, ಆದರೆ ಗುಂಡಿಲ್ಲದ ಬಂದೂಕೊಂದನ್ನು ಅವರ ಕೈಗಿತ್ತ.

ಎದುರು ಗೋಡೆಯ ಮೇಲೆ ಮಂಗವೊಂದು ಬಿಸಿಲು ಕಾಯಿಸುತ್ತಿತ್ತು. ಇವರು ಅದರತ್ತ ಗುರಿ ಹಿಡಿದು ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣಿಟ್ಟರು. ಗಾಜಿನೊಳಗೆ ಆ ಅರೆನಿದ್ದೆಯ ಮುಖ ತೀರ ಹತ್ತಿರ ಬಂದಿರಬೇಕು. ಅವರ ಕಾಲುಗಳು ತಾವಾಗಿಯೇ ಚಪ್ಪಲಿ ಬಿಟ್ಟವು.

'ನಮ್ಮ ಹನುಮಪ್ಪ ಗಾಳಿದೇವರ ಮಗ. ಅವಗ ಗಾಳೀಲೇ ಹೊಡೀಲೇನ್ರಿ?' ಎಂದು ಮೆಲ್ಲಗೆ ಕೇಳಿ ಬಂದೂಕು ಕೆಳಗಿಳಿಸಿದರು.

ಅಂಗಡಿಯವನು ತುಂಬಿದ್ದ ಗಾಳಿಯನ್ನು ಹೊರಬಿಟ್ಟ. ಆ ಸುಯ್ಯೆನ್ನುವ ಸದ್ದು ಆರುವವರೆಗೂ ಅವರು ಬರಿಗಾಲಲ್ಲೇ ನಿಂತಿದ್ದರು.