ಇನ್ನಾಸಮ್ಮ ಬಿಟ್ಟದ್ದು

ಗಂಡ ಸತ್ತ ಮೇಲೆ ಮಸ್ಕಿಯ ಇನ್ನಾಸಮ್ಮ ತನ್ನ ಮಿರ್ಚಿ ಬಜ್ಜಿ ಮಾರುವ ಬಂಡಿಗೆ ತಾಡಪತ್ರಿ ಹೊದಿಸಿಟ್ಟು, ದಿನಾ ಯೇಸುವಿನ ಪಟದೆದುರು ಕೂತು ಬೈಯುತ್ತಿದ್ದಳು. ಇಷ್ಟದ್ದೊಂದನ್ನು ಬಿಡಬೇಕಾದ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತು. ನಲವತ್ತು ದಿನ ಮಟನ್ ಬಿಟ್ಟ ಹೆಂಗಸರು ಚರ್ಚಿನ ಅಂಗಳದಲ್ಲಿ ಅದನ್ನೇ ಡಂಗುರ ಸಾರಿದರು. ಬಾಯಿಗೆ ಉಪವಾಸ, ಕಣ್ಣೆಲ್ಲ ಹಬ್ಬದ ಬಿರಿಯಾನಿಯ ಮೇಲೆ.

"ನೀ ಏನು ಬಿಟ್ಟೀಯವ್ವಾ?" ಎಂದರು ಫಾದರ್.

"ಮಟನ್ನಿನ ಮಾರಿ ನೋಡದ ವರ್ಷಾತು, ಬಿಡಾಕ ಏನೈತ್ರಿ? ನಿಮ್ಮ ದೇವರನ್ನ ಬೈಯೋದೊಂದೈತಿ, ಅದನ್ನ ಬಿಡ್ತೀನಿ."

ಹೆಂಗಸರು ಕಿಸಕ್ಕನೆ ನಕ್ಕರು. ಇನ್ನಾಸಮ್ಮ ಹಲ್ಲು ಕಚ್ಚಿ ನಲವತ್ತು ದಿನ ಬಾಯಿ ಬಿಗಿಹಿಡಿದಳು.

ಈಸ್ಟರ್ ಬೆಳಿಗ್ಗೆ ಪೂಜೆ ಮುಗಿದದ್ದೇ ಅವರೆಲ್ಲ ಮಟನ್ ಅಂಗಡಿಗೆ ಓಡಿದರು. ಇವಳು ಮನೆಗೆ ಬಂದು, ಪಟದೆದುರು ಕೂತು ಬೈಯಲು ಬಾಯಿ ತೆರೆದಳು.

"ಸತ್ತು ಮೂರ ದಿನಕ್ಕ ಎದ್ದು ಕುಂತಿಯಲ್ಲೋ ದಿಮಾಕಿನವನ! ನನಗ ವರ್ಷ ಹಿಡೀತು ನೋಡು," ಎಂದವಳೇ ಹೊರಗೆ ಹೋಗಿ ಬಂಡಿಯ ತಾಡಪತ್ರಿ ಎಳೆದೊಗೆದಳು.