ನಮ್ಮ ಅಂಗಳಕ್ಕೇ ಟೇಪ್ ಹಿಡಿದ ಮೊಮ್ಮಗಳು

ಹೋದ ಸೋಮವಾರ ನಮ್ಮ ಮನೆಗೇ ನೋಟಿಸ್ ಬಂತು. ತಂದುಕೊಟ್ಟವಳು ನನ್ನ ಮೊಮ್ಮಗಳು ಗೌರಿ! ಖುಷಿ ತಡೆಯಲಾಗದೆ ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. (ನೋಟಿಸಿಗೆ ಸಕ್ಕರೆ ಹಂಚಿದವರನ್ನು ನೀವು ನೋಡಿದ್ದೀರಾ?)

ಗೌರಿ ಈ ವರ್ಷವೇ ನಮ್ಮೂರು ಕುರುಗೋಡಿನ ಪುರಸಭೆಯಲ್ಲಿ ಎಂಜಿನಿಯರಾಗಿ ಕೆಲಸಕ್ಕೆ ಸೇರಿದಳು. ನಮ್ಮದು ಗುಡಿ ಬೀದಿಯ ಮನೆ. ಗುಡಿ ನೋಡಲು ಬರುವವರು ಹೆಚ್ಚಾದರೆಂದು ಅವಳಪ್ಪ, ಅಂದರೆ ನನ್ನ ಮಗ ಬಸವರಾಜ, ಲಾಡ್ಜ್ ಕಟ್ಟಿಸುತ್ತಿದ್ದಾನೆ. ಅಂಗಳದ ತುಂಬ ಗೋಡೆಯಿಂದ ಗೋಡೆಗೆ ಕಡಪ ಕಲ್ಲು ಹಾಸಿಸಿಬಿಟ್ಟ. ನಮ್ಮ ಕಡೆ ಮನೆ ಚೆಂದ ಮಾಡುವುದೆಂದರೆ ಅದೇ. ಮಣ್ಣು ಕಂಡರೆ ಮರ್ಯಾದೆ ಹೋಯಿತು! ಉಳಿದಿದ್ದು ಒಂದು ಬೇವಿನಮರ. ಅದನ್ನು ಕಡಿದು ಇನ್ನೊಂದು ರೂಮು ಎಬ್ಬಿಸುವ ಲೆಕ್ಕಾಚಾರ.

ಹೊಸ ರೂಲು ಬಂದಿದೆಯಂತೆ. ಯಾತ್ರಿಕರು ಬರುವ ಬೀದಿಯಲ್ಲಿ ಕಟ್ಟುವವರು ಅಂಗಳದಲ್ಲಿ ಮಣ್ಣು ಬಿಡಬೇಕು, ಮಳೆನೀರು ಅಲ್ಲೇ ಇಂಗಬೇಕು, ಮರ ಮುಟ್ಟಬಾರದು. (ನನ್ನದು ನಾಲ್ಕನೇ ಕ್ಲಾಸು. ಆಫೀಸಿನ ಕನ್ನಡವನ್ನು ಗೌರಿಯೇ ಬಿಡಿಸಿ ಹೇಳಿದಳು.)

"ಏನವ್ವಾ, ಹೆತ್ತಪ್ಪನ ಮನಿಗೇ ಟೇಪ್ ಹಿಡಿಯಾಕ ನಿನ್ನ ಓದಿಸಿದ್ನೇನು?" ಬಸವರಾಜ ಕೂಗಾಡಿದ.

"ನಮ್ಮನಿ ಬಿಟ್ಟು ಮಂದಿ ಮನಿಗೆ ಹೋದ್ರ ಯಾರು ಕೇಳ್ತಾರಪ್ಪಾ ನನ್ನ ಮಾತು?"

"ಒಂದು ರೂಮು ಹೋಗತೈತಲ್ಲಲೇ!"

"ಮರ ಹೋದ್ರ ಉಳಿದ ರೂಮಿಗಾದ್ರೂ ಯಾರು ಬರ್ತಾರ? ಬ್ಯಾಸಗ್ಯಾಗ ರೊಟ್ಟಿ ಬೆಂದಂಗ ಬೇಯಾಕ?"

ಸುಳ್ಳೇ ಅದು? ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನ ತಂಗಿಯ ಮನೆ ಸುತ್ತ ಬರೀ ಸಿಮೆಂಟು. ಬೇಸಿಗೆಯಲ್ಲಿ ಹೊತ್ತು ಮುಳುಗಿದರೂ ಗೋಡೆ ಮುಟ್ಟಲಾಗುವುದಿಲ್ಲ. ಮೊನ್ನೆ ಮಳೆಯಲ್ಲಿ ನಮ್ಮ ಕಲ್ಲಿನಂಗಳದ ನೀರೆಲ್ಲ ಎದುರುಮನೆಯ ಅಡುಗೆಮನೆಗೆ ನುಗ್ಗಿತ್ತು. ನಮ್ಮ ಚೆಂದಕ್ಕೆ ಅವರ ಒಲೆ ಆರಬೇಕೇ?

ಮಗ ನನ್ನ ಕಡೆ ತಿರುಗಿದ. "ಅವ್ವಾ, ನೀನರ ಹೇಳು ಆಕಿಗೆ."

ಮನೆ ಇರುವುದು ನನ್ನ ಹೆಸರಿನಲ್ಲಿ. ಹೇಳಿಯೇಬಿಟ್ಟೆ: "ಗೌರಿ, ಹಾರಿ ತರಿಸು. ಮೊದಲ ಕಲ್ಲು ನಾನೇ ಎಬ್ಬಿಸ್ತೀನಿ."

ನನ್ನ ಕೈಲಿ ಹಾರೆ ಅಲುಗಿದರೆ ತಾನೆ! ಗೊಣಗುತ್ತಲೇ ಬಸವರಾಜ ಬಂದು ಅದನ್ನು ಕಿತ್ತುಕೊಂಡು ತಾನೇ ಕಲ್ಲು ಎಬ್ಬಿಸತೊಡಗಿದ. ಸಂಜೆಯೊಳಗೆ ಅರ್ಧ ಅಂಗಳ ಮಣ್ಣಾಯಿತು. ಮರ ಉಳಿಯಿತು, ಒಂದು ರೂಮು ಹೋಯಿತು. ಮಗ ಎರಡು ದಿನ ಮಾತು ಬಿಟ್ಟ. ಬಿಡಲಿ, ನಾನು ಸೋಲುವವಳಲ್ಲ.

ಪಕ್ಕದ ಮನೆಯ ಶಂಕ್ರಮ್ಮನೂ ಲಾಡ್ಜ್ ಕಟ್ಟಿಸುತ್ತಿದ್ದಾಳೆ, ಅವಳ ಅಂಗಳವೂ ಎಲ್ಲ ಕಲ್ಲೇ. ಗೋಡೆಯ ಮೇಲಿಂದ ಇಣುಕಿ ನಕ್ಕಳು. "ಏನ್ ಯಕ್ಕಾ, ಮೊಮ್ಮಗಳು ನಿಮ್ಮನೀನ ಒಡಿಸಿದಳಂತ?"

"ಹೂನವ್ವಾ, ನಮ್ದು ಮುಗೀತು. ನಾಳೆ ನಿಮ್ಮನಿಗೆ ಬರ್ತಾಳ, ಚಾ ಇಟ್ಟಿರು."