ಶಿವಕ್ಕ ಸೀರೆ ನೋಡುವ ಶನಿವಾರ

ಮಾಗಡಿ ರಸ್ತೆಯ ಜಂಬಣ್ಣನ ಬಟ್ಟೆ ಅಂಗಡಿಯಲ್ಲಿ ಶಿವಕ್ಕನನ್ನು ಮೊದಲ ಸಲ ಕಂಡಾಗ, ಇದನ್ನು ಬರೆಯುತ್ತಿರುವವನು ಆಕೆಯನ್ನು ಯಾರೋ ದೊಡ್ಡ ಕಂಟ್ರಾಕ್ಟರನ ಹೆಂಡತಿ ಎಂದೇ ತಿಳಿದಿದ್ದ. ಬಿಳಿ ಹಾಸಿನ ನಡುವೆ ಕಾಲು ಮಡಚಿ ಕೂತಿದ್ದಾಳೆ, ಮುಂದೆ ಸೀರೆಗಳ ಗುಡ್ಡೆ ಬಿದ್ದಿದೆ, ಜಂಬಣ್ಣನೇ ಖುದ್ದಾಗಿ ಮೇಲಿನ ಗೂಡಿನಿಂದ ಇನ್ನಷ್ಟು ಇಳಿಸುತ್ತಿದ್ದಾನೆ. ಮಗಳ ಮದುವೆಯ ಜವಳಿ ಇರಬೇಕು ಎಂದುಕೊಂಡು, ಬನಿಯನ್ ಕೊಳ್ಳಲು ಹೋದವನು ಗೋಡೆಗೆ ಒರಗಿ ದಾರಿ ಬಿಟ್ಟು ನಿಂತದ್ದಾಯಿತು. ಕೊನೆಗೆ ಆಕೆ ಕೊಂಡದ್ದು ಹೊಲಿಗೆ ದಾರದ ಒಂದು ರೀಲು.

ಶಿವಕ್ಕನಿಗೆ ಮಗಳೂ ಇರಲಿಲ್ಲ, ಕಂಟ್ರಾಕ್ಟರೂ ಇರಲಿಲ್ಲ. ಗಂಡ ಸಿದ್ದಬಸಪ್ಪ ಕಾರ್ಖಾನೆಯೊಂದರಲ್ಲಿ ಲೇತ್ ತಿರುಗಿಸುವವನು. ದಾವಣಗೆರೆ ಕಡೆಯಿಂದ ಬಂದು ಗೋವಿಂದರಾಜನಗರದಲ್ಲಿ ಹಿಂದಿನ ಪೋರ್ಷನ್ ಬಾಡಿಗೆಗೆ ಹಿಡಿದಿದ್ದರು. ವಾರವಿಡೀ ನಲ್ಲಿಯ ಮುಂದೆ ಜಗಳ, ಸೀಮೆಎಣ್ಣೆಗೆ ಸಾಲು, ಗಂಡನ ಪಾಳಿಗೆ ತಕ್ಕಂತೆ ಎದ್ದು ಮಲಗುವುದು. ಇಷ್ಟಾದ ಮೇಲೆ ಶನಿವಾರ ಮಧ್ಯಾಹ್ನ ಮುಖ ತೊಳೆದು ಜಂಬಣ್ಣನ ಅಂಗಡಿಗೆ ನಡೆಯುವಳು. ನೈಲೆಕ್ಸ್ ಬಿಚ್ಚಿಸುವಳು, ಇಳಕಲ್ಲಿನ ಸೆರಗು ಸವರುವಳು, ಬೆಲೆ ಕೇಳಿ "ಬಣ್ಣ ಸ್ವಲ್ಪ ಜಾಸ್ತಿ ಆತು" ಎನ್ನುವಳು. ಬೆಲೆ ಜಾಸ್ತಿಯಾಯಿತು ಎಂದು ಒಂದು ದಿನವೂ ಅಂದವಳಲ್ಲ. ಬಿಚ್ಚಿದ್ದನ್ನೆಲ್ಲ ತಾನೇ ಮಡಚಿಟ್ಟು, ದಾರವನ್ನೋ ಗುಂಡಿಯನ್ನೋ ಕೊಂಡು ಮನೆಗೆ ಬಂದರೆ ಆ ರಾತ್ರಿಯ ರೊಟ್ಟಿ ತೆಳ್ಳಗೆ ಬರುತ್ತಿತ್ತು.

ಜಂಬಣ್ಣನಿಗೂ ಬೇಸರವಿರಲಿಲ್ಲ. ಹೊಸಪೇಟೆ ಕಡೆಯವನಾದ ಅವನಿಗೆ ಆಕೆಯ ಮಾತು ಕೇಳಿದರೆ ಊರ ಕಡೆ ಹೋಗಿಬಂದಂತೆ. ಅಲ್ಲದೆ ಒಬ್ಬ ಹೆಂಗಸು ಸೀರೆ ಹರವಿಕೊಂಡು ಕೂತಿದ್ದರೆ ದಾರಿಯಲ್ಲಿ ಹೋಗುವ ನಾಲ್ವರು ಮೆಟ್ಟಿಲು ಹತ್ತುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಗೊತ್ತಿಲ್ಲದವರು ಮನೆ ಓನರ್ ಗೋಪೀನಾಥರು. ಮುಂದಿನ ಪೋರ್ಷನ್ನಿನಲ್ಲಿ ಅವರೂ ಹೆಂಡತಿ ವತ್ಸಲಮ್ಮನೂ ಇದ್ದರು. ಸರಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಸೂಪರಿಂಟೆಂಡೆಂಟರು. ಮಿತವ್ಯಯದ ಬಗ್ಗೆ ಕೇಳಿದವರಿಗೂ ಕೇಳದವರಿಗೂ ಹೇಳುವವರು. ಒಂದು ಸಂಜೆ ಸಿದ್ದಬಸಪ್ಪನನ್ನು ತಡೆದು, "ನಿಮ್ಮ ಮನೆಯವರು ವಾರ ವಾರ ಜವಳಿ ಅಂಗಡಿಗೆ ಹೋಗ್ತಾರಂತೆ. ಇವತ್ತು ದಾರ, ನಾಳೆ ಸೀರೆ, ನಾಡಿದ್ದು ಬಾಡಿಗೆಗೆ ತತ್ವಾರ. ನಿಲ್ಲಿಸ್ರೀ" ಎಂದರು.

ಸಿದ್ದಬಸಪ್ಪ ಓನರ್ ಹೇಳಿದ್ದಕ್ಕೆ ಇಲ್ಲವೆನ್ನುವ ಜಾಯಮಾನದವನಲ್ಲ. ಒಳಗೆ ಬಂದು, "ಬಿಟ್ಟುಬಿಡು ಮತ್ತ" ಎಂದ.

"ಅದೊಂದನ್ನ ಬಿಡಂಗಿಲ್ಲ" ಎಂದಳು ಶಿವಕ್ಕ.

ಪಂಚಾಯಿತಿ ಜಗಲಿಗೆ ಬಂತು. ಗೋಪೀನಾಥರೇ ತೀರ್ಮಾನ ಕೊಟ್ಟರು: ಈ ಶನಿವಾರ ಅವರು ಸಾಕ್ಷಿಯಾಗಿ ಜೊತೆಗೆ ಹೋಗುವುದು. ಶಿವಕ್ಕ ಬರಿಗೈಯಲ್ಲಿ ಹಿಂದಿರುಗಿದರೆ ಇನ್ನು ಯಾರೂ ಕೇಳಕೂಡದು. ಒಂದು ಗುಂಡಿ ಕೊಂಡರೂ ಅಂಗಡಿಗೆ ಹೋಗುವುದು ಅಲ್ಲಿಗೆ ಬಂದ್. ಗಂಡ ತಲೆಯಾಡಿಸಿದ. ಶಿವಕ್ಕನೂ ಒಪ್ಪಿದಳು.

"ಮಧ್ಯಾಹ್ನ ನನಗೆ ಸಂಘದ ಮೀಟಿಂಗು. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೇ ಹೋಗೋಣ" ಎಂದರು ಓನರ್.

"ಆಗ ಬ್ಯಾಡ್ರೀ. ಬೋಣಿ ಹೊತ್ತು."

ದಿನದ ಮೊದಲ ಗಿರಾಕಿ ಏನೂ ಕೊಳ್ಳದೆ ಇಳಿದರೆ ದಿನವೆಲ್ಲ ವ್ಯಾಪಾರ ಹಾಗೇ ಎಂಬುದು ಅಂಗಡಿಯವರ ನಂಬಿಕೆ. ಶಿವಕ್ಕನದೂ ಅದೇ ನಂಬಿಕೆ. ಆ ಹೊತ್ತಿನಲ್ಲಿ ಆಕೆ ಯಾರ ಅಂಗಡಿಯನ್ನೂ ತುಳಿದವಳಲ್ಲ.

"ಮೂಢನಂಬಿಕೆ" ಎಂದರು ಗೋಪೀನಾಥರು. "ಆಫೀಸಲ್ಲಿ ಅಷ್ಟು ಜನಕ್ಕೆ ಸಂಬಳ ಬಟವಾಡೆ ಮಾಡಿಸ್ತೀನಿ. ಯಾವತ್ತಾದ್ರೂ ಬೋಣಿ ನೋಡಿದೀನಾ?"

"ಅಲ್ಲಿ ನೀವು ಕೊಡೋದು ಸರಕಾರದ ರೊಕ್ಕ ಅಲ್ಲೇನ್ರೀ?"

ಶನಿವಾರ ಹೋದಾಗ ಜಂಬಣ್ಣ ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗುತ್ತಿದ್ದ. ಆ ಹೊತ್ತಿನಲ್ಲಿ ಶಿವಕ್ಕನನ್ನು ಕಂಡು ಅವನ ಮುಖ ಇಳಿಯಿತು. ಆಕೆ ಹಾಸಿನ ಅಂಚಿನಲ್ಲಿ ಕೂತಳು. ದಾರ ಕೊಂಡರೆ ಮನೆಯಲ್ಲಿ ಶನಿವಾರ ಹೋಯಿತು. ಕೊಳ್ಳದೆ ಎದ್ದರೆ ಅಂಗಡಿಯಲ್ಲಿ ಹೋಯಿತು. ಬೋಣಿ ಕೆಡಿಸಿದವಳಿಗೆ ಜಂಬಣ್ಣ ಮುಂದಿನ ವಾರ ಯಾವ ಗೂಡಿನಿಂದ ಏನು ಇಳಿಸಿಯಾನು? ಸುತ್ತಿ ಬಳಸಿ ಹೇಳುವುದು ಆಕೆಗೆ ಬರುತ್ತಿರಲಿಲ್ಲ.

"ಅಣ್ಣಾ, ಇವತ್ತು ನಾನೇನೂ ತಗೊಳ್ಳಂಗಿಲ್ಲ. ಮನ್ಯಾಗ ಮಾತು ಕೊಟ್ಟೀನಿ. ಸಾಹೇಬ್ರು ಸಾಕ್ಷಿಗೆ ಬಂದಾರ."

ಜಂಬಣ್ಣ ಊದಿನಕಡ್ಡಿ ಸಿಕ್ಕಿಸಿ ಸಾಹೇಬರ ಕಡೆ ತಿರುಗಿದ. "ಬರ್ರಿ ಸಾಹೇಬ್ರ, ಕೂಡ್ರಿ."

"ನಾನು ಸುಮ್ನೆ ಜೊತೆಗೆ ಬಂದವನು."

"ಸುಮ್ನೇ ನೋಡ್ರಿ. ನೋಡಾಕ ರೊಕ್ಕ ಕೇಳ್ತೀನೇನು?"

ಒಂದು ಸಫಾರಿ ಬಟ್ಟೆಯ ಥಾನು ಅರ್ಧ ಬಿಚ್ಚಿ, ತಪ್ಪಾಯಿತೆಂಬಂತೆ ತಟ್ಟನೆ ಸುತ್ತಿಟ್ಟ. "ಇದು ಬ್ಯಾಡ ಬಿಡ್ರಿ. ಇದು ಗುಮಾಸ್ತರು ಒಯ್ಯೋದು."

ಗೋಪೀನಾಥರು ನೆಟ್ಟಗೆ ಕೂತರು. ಜಂಬಣ್ಣ ಇನ್ನೊಂದು ಥಾನು ಬಿಚ್ಚಿ ಅವರ ಹೆಗಲ ಮೇಲೆ ಹರವಿದ. ಕೆರೆಯ ಪಾಚಿಯಂಥ ಬಣ್ಣ. "ತಾವು ಗೆಜೆಟೆಡ್ ಅಲ್ಲೇನ್ರಿ?"

ಗೋಪೀನಾಥರು ಗೆಜೆಟೆಡ್ ಅಲ್ಲ. ಅಲ್ಲವೆಂದು ಹೇಳಲೂ ಇಲ್ಲ. ಕನ್ನಡಿ ನೋಡಿದರು, ಕತ್ತು ಓರೆ ಮಾಡಿದರು, "ಹೊಲಿಗೆ ಚೆನ್ನಾಗಿದ್ರೆ ಕೂರುತ್ತೆ, ಅಲ್ವಾ?" ಎಂದರು. ಅಷ್ಟರಲ್ಲಿ ಕತ್ತರಿ ಬಟ್ಟೆಯೊಳಗೆ ಹೊಕ್ಕಾಗಿತ್ತು. ಸಾಹೇಬರು ಕೊಟ್ಟ ನೋಟುಗಳನ್ನು ಜಂಬಣ್ಣ ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ.

ಶಿವಕ್ಕ ಹಾಸಿನ ನಡುವಿಗೆ ಸರಿದು ಕೂತಳು. "ಬೋಣಿ ಆತಲ್ಲಣ್ಣಾ. ಆ ಮ್ಯಾಲಿನ ನೇರಳೆ ಬಣ್ಣದ್ದು ಇಳಿಸು, ನೋಡೋಣು."

ಆಕೆ ನೋಡಿ, ಮಡಚಿಟ್ಟು ಏಳುವವರೆಗೆ ಗೋಪೀನಾಥರು ಪೊಟ್ಟಣ ಹಿಡಿದು ಕಾದರು.

ಸಿದ್ದಬಸಪ್ಪ ಗೇಟಿನ ಹತ್ತಿರವೇ ಇದ್ದ. ಪೊಟ್ಟಣ ಕಂಡು, "ಕೊಂಡುಬಿಟ್ಟ್ಯಾ?" ಎಂದ.

"ನಂದಲ್ಲ. ಸಾಹೇಬ್ರದು."

ಓನರ್ ಮುಂದೆ ನಗುವ ಧೈರ್ಯವಿಲ್ಲದ ಮನುಷ್ಯ, ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ ಬಹಳ ಹೊತ್ತು ಏಳಲೇ ಇಲ್ಲ. ಎದ್ದ ಮೇಲೆ, "ಮುಂದಿನ ವಾರದಿಂದ ನೀ ಒಬ್ಬಾಕೀನ ಹೋಗು. ಸಾಹೇಬ್ರಿಗೆ ತ್ರಾಸ ಕೊಡಬ್ಯಾಡ" ಎಂದ.

ಒಳಗಿನಿಂದ ವತ್ಸಲಮ್ಮನ ದನಿ ಬಂತು. "ಏನ್ರೀ ಅದು ಕಂಕುಳಲ್ಲಿ?"

ಗೋಪೀನಾಥರಿಗೆ ಒಳಗೆ ಹೋಗುವ ಅವಸರವಿರಲಿಲ್ಲ. ಜಗಲಿಯ ಮೇಲೆ ಕೂತು, ಪೊಟ್ಟಣದ ಮೇಲೆ ಪೇಪರ್ ಮುಚ್ಚಿ, ಗಂಟಲು ಸರಿಮಾಡಿಕೊಂಡರು.

"ಅದಿರಲಿ ಶಿವಕ್ಕ, ಒಂದು ಮಾತು ಕೇಳ್ತೀನಿ. ಮನಸ್ಸು ಹಗುರ ಮಾಡ್ಕೊಳ್ಳೋಕೆ ಅಷ್ಟು ದೂರ ಯಾಕೆ ನಡೀಬೇಕು? ಸಂಜೆ ಹೊತ್ತು ಇದೇ ಜಗಲಿ ಮೇಲೆ ಬಂದು ಕೂತ್ಕೊಂಡ್ರೆ ಆಗಲ್ವಾ?"

"ಇಲ್ಲಿ ನೀವಿರ್ತೀರಲ್ರೀ" ಎಂದಳು ಶಿವಕ್ಕ.